ಮೌಸು ಗಟ್ಟಿ, ಅದರ ಜೊತೆ ಬರುವ ಸಾಫ್ಟ್‌ವೇರ್ ಯಾಕೆ ಹೀಗೆ?

ಬೆಣ್ಣೆದೋಸೆ_ಡಿಟಿಪಿ (ದಾವಣಗೆರೆ)

ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆ ಬಂತೆಂದರೆ ಫ್ಲೆಕ್ಸು. ದಿನಾ ಕೋರೆಲ್ ಡ್ರಾ ಮತ್ತು ನುಡಿ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹಾರಬೇಕೆಂದರೆ ಸ್ಕ್ರೋಲ್ ಲಾಕ್ ಒತ್ತಬೇಕು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತು. ವರನ ಹೆಸರು ಕನ್ನಡದಲ್ಲಿ, ಪಕ್ಕದ ಬಿ.ಇ., ಎಂ.ಟೆಕ್. ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬೇಕು ಅನ್ನುತ್ತಾರೆ. ಒಂದು ಕಾರ್ಡಿಗೆ ಹತ್ತಾರು ಸಲ ಒತ್ತುತ್ತೀವಿ. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲವಲ್ಲ. ಅದಕ್ಕೆ ಒಳ್ಳೆ ವೈರ್‌ಲೆಸ್ ಮೌಸ್ ತಗೊಂಡು, ಹೆಬ್ಬೆರಳ ಹತ್ತಿರದ ಸೈಡ್ ಬಟನ್‌ಗೆ ಸ್ಕ್ರೋಲ್ ಲಾಕ್ ಕೂರಿಸಿದೆ.

ಮೌಸಿನ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಕೈಗೆ ಸರಿಯಾಗಿ ಕೂರುತ್ತೆ, ಕ್ಲಿಕ್ ಚೆನ್ನ, ಬ್ಯಾಟರಿ ವಾರಗಟ್ಟಲೆ ಬರುತ್ತೆ. ತಲೆನೋವೆಲ್ಲ ಜೊತೆಗೆ ಬಂದ ಸಾಫ್ಟ್‌ವೇರಿಂದು. ಮೊದಲು ಅಕೌಂಟ್ ಮಾಡು ಅಂತು, ಮಾಡಿದೆ. ಅಪ್‌ಡೇಟ್ ಬಂದಾಗಲೆಲ್ಲ ಬಟನ್ ಸೆಟ್ಟಿಂಗ್ ಮಾಯ. ನೆಟ್ ಹೋದ ದಿನ ಲಾಗಿನ್ ಪರದೆ ತೋರಿಸಿಕೊಂಡು ಸುಮ್ಮನೆ ಕೂರುತ್ತೆ. ಎದುರಿಗೆ ಗಿರಾಕಿ ನಿಂತಿರುತ್ತಾರೆ, ನಾನು ಮೌಸಿನ ಪಾಸ್‌ವರ್ಡ್ ಹುಡುಕುತ್ತಿರುತ್ತೀನಿ! ಕಂಪನಿ ಹೆಸರು ಬೇಡ ಬಿಡಿ, ಬೇರೆಯವೂ ಹೆಚ್ಚುಕಮ್ಮಿ ಇದೇ ಕಥೆ ಅಂತ ಕೇಳಿದ್ದೀನಿ.

ಒಂದೇ ಪ್ರಶ್ನೆ: ಸೆಟ್ಟಿಂಗ್ ಮೌಸಿನೊಳಗೇ ಉಳಿಯುವಂಥ ಮೌಸ್ ಉಂಟೋ ಇಲ್ಲವೋ?

---

ಕೋಡ್‌ಗೂಡು (ಬೆಂಗಳೂರು)

ಉಂಟು. ಆದರೆ ಯಾವುದರಲ್ಲಿ ಉಂಟು ಅಂತ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆಯಲ್ಲ. ನಾನು ಫರ್ಮ್‌ವೇರ್ (ಮೌಸಿನಂಥ ಸಾಧನದ ಚಿಪ್ಪಿನೊಳಗೇ ಓಡೋ ಸಾಫ್ಟ್‌ವೇರ್) ಕೆಲಸದವನು, ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡ್ಕೋಬೇಡಿ.

ಯುಎಸ್‌ಬಿ ಮೌಸಿಗೆ ಕಂಪನಿಯ ಡ್ರೈವರ್ ಬೇಕಾಗಿಯೇ ಇಲ್ಲ. ಮೌಸು, ಕೀಬೋರ್ಡು ಕಂಪ್ಯೂಟರಿನ ಜೊತೆ ಹೇಗೆ ಮಾತಾಡಬೇಕು ಅಂತ ಹೇಳೋ ಎಚ್‌ಐಡಿ ಅನ್ನೋ ಮಾನದಂಡ 1990ರ ದಶಕದಿಂದ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಅದು ಗೊತ್ತು. ಮೌಸ್ ಕಳಿಸೋದು ಇಷ್ಟೇ: ಯಾವ ಬಟನ್ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿದೆ, ಉದ್ದಕ್ಕೆ ಎಷ್ಟು, ಚಕ್ರ ಎಷ್ಟು ತಿರುಗಿತು. ಕಂಪ್ಯೂಟರ್ ಶುರುವಾಗುವಾಗ ಓಡೋ ಬಯೋಸ್‌ಗೂ ಅರ್ಥವಾಗುವ ಅತಿ ಸರಳ ರೂಪದಲ್ಲಿ, ಚಕ್ರ ಬಿಟ್ಟು, ಅದು ಮೂರೇ ಬೈಟು. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ ಕಳಿಸಿದರೆ ಗೇಮಿಂಗಿನದು 1000 ಸಲ, ಇತ್ತೀಚಿನ ಕೆಲವು 8000 ಸಲ.

ಬಟನ್ ಬದಲಿಸೋಕೆ ಎರಡು ದಾರಿ. ಮೊದಲನೆಯದರಲ್ಲಿ ಮೌಸ್ "ನಾಲ್ಕನೇ ಬಟನ್" ಅಂತಷ್ಟೇ ಹೇಳುತ್ತೆ. ಕಂಪ್ಯೂಟರಿನಲ್ಲಿ ಓಡುತ್ತಿರೋ ಆ್ಯಪ್ ಅದನ್ನ ಮಧ್ಯದಲ್ಲೇ ಹಿಡಿದು ಸ್ಕ್ರೋಲ್ ಲಾಕ್ ಮಾಡಿ ಮುಂದೆ ದಾಟಿಸುತ್ತೆ. ಆ್ಯಪ್ ಮಲಗಿತೋ, ಬಟನ್ ಮತ್ತೆ ಬರೀ ನಾಲ್ಕನೇ ಬಟನ್. ನಿಮ್ಮ ಮೌಸ್ ಈ ಜಾತಿಯದು. ಎರಡನೆಯದರಲ್ಲಿ ಮೌಸಿನ ಚಿಪ್ಪಿನೊಳಗೆ ಚೂರು ಮೆಮೊರಿ ಇರುತ್ತೆ, ಪಟ್ಟಿ ಅಲ್ಲೇ ಬರೆದಿರುತ್ತೆ. ಅಂಥ ಮೌಸ್ ಕಂಪ್ಯೂಟರಿಗೆ "ನಾನು ಮೌಸೂ ಹೌದು, ಕೀಬೋರ್ಡೂ ಹೌದು" ಅಂತ ಪರಿಚಯ ಮಾಡಿಕೊಂಡು ಸ್ಕ್ರೋಲ್ ಲಾಕನ್ನ ತಾನೇ ಕಳಿಸುತ್ತೆ. ಎಚ್‌ಐಡಿ ಪಟ್ಟಿಯಲ್ಲಿ ಆ ಕೀಲಿಯ ಸಂಖ್ಯೆ 71. ಯಾವ ಕಂಪ್ಯೂಟರಿಗೆ ಚುಚ್ಚಿದರೂ 71 ಅಂದರೆ 71. ಆ್ಯಪ್ ಬೇಡ, ಅಕೌಂಟ್ ಬೇಡ, ನೆಟ್ ಬೇಡ.

ಅಂಗಡಿಯಲ್ಲಿ "ಆನ್‌ಬೋರ್ಡ್ ಮೆಮೊರಿ ಇದೆಯಾ" ಅಂತ ಕೇಳಿ. ಇಲ್ಲಿ ತಮಾಷೆ ಏನಪ್ಪಾ ಅಂದರೆ, ಆಫೀಸ್ ಕೆಲಸಕ್ಕೆ ಅಂತ ಮಾರುವ ದುಬಾರಿ ಮೌಸುಗಳಲ್ಲಿ ಇದು ಸಾಮಾನ್ಯವಾಗಿ ಇರಲ್ಲ, ಹುಡುಗರ ಗೇಮಿಂಗ್ ಮೌಸುಗಳಲ್ಲಿ ಇರುತ್ತೆ. ಲಾಜಿಟೆಕ್‌ನಲ್ಲೇ ನೋಡಿ. ಆಫೀಸಿನ ಎಂಎಕ್ಸ್ ಮಾಸ್ಟರ್‌ನ ಬಟನ್ ಬದಲಾವಣೆಗೆಲ್ಲ ಆಪ್ಷನ್ಸ್ ಪ್ಲಸ್ ಅನ್ನೋ ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿರಲೇಬೇಕು. ಗೇಮಿಂಗಿನ ಜಿ ಸಾಲಿನ ಬಹುಪಾಲು ಮೌಸುಗಳಲ್ಲಿ ಮೆಮೊರಿ ಇದೆ, ಅದಕ್ಕೆ ಆನ್‌ಬೋರ್ಡ್ ಮೆಮೊರಿ ಮ್ಯಾನೇಜರ್ ಅನ್ನೋ ಪುಟ್ಟ ಪ್ರೋಗ್ರಾಮನ್ನೂ ಕಂಪನಿಯೇ ಕೊಡುತ್ತೆ. ಇನ್‌ಸ್ಟಾಲ್ ಕೂಡ ಮಾಡಬೇಕಾಗಿಲ್ಲ, ತೆರೆದು, ಬರೆದು, ಮುಚ್ಚಿದರಾಯಿತು.

---

ಪಡುಗಾಳಿ (ಮಂಗಳೂರು)

ಹಾರ್ಡ್‌ವೇರ್ ಗಟ್ಟಿ ಅಂತ ನೀವು ಘಟ್ಟದ ಮೇಲಿನವರು ಹೇಳಬಹುದು. ಇಲ್ಲಿಗೆ ಬಂದು ನೋಡಿ ಮಾರಾಯ್ರೆ. ಹೆಬ್ಬೆರಳು ಇಡುವಲ್ಲಿ ಮೆತ್ತನೆ ರಬ್ಬರ್ ಲೇಪನ ಇರ್ತದಲ್ಲ, ನಮ್ಮ ಸೆಕೆಗೆ, ಬೆವರಿಗೆ ಅದು ಒಂದೆರಡು ಮಳೆಗಾಲ ಕಳೆದ ಮೇಲೆ ಅಂಟಂಟು. ಮುಟ್ಟಿದರೆ ಕೈಗೆ ಕಪ್ಪು ಹಿಡೀತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿದರೆ ಲೇಪನವೇ ಎದ್ದು ಬಂದು ಒಳಗಿನ ಪ್ಲಾಸ್ಟಿಕ್ ಕಾಣ್ತದೆ. ಆಮೇಲೆ ಅದೇ ಚಂದ! ಬರೀ ಪ್ಲಾಸ್ಟಿಕ್ಕಿನ ಅಗ್ಗದ ಮೌಸಿಗೆ ಎಂತದೂ ಆಗುವುದಿಲ್ಲ.

---

ಬೆಸುಗೆಬಸವ (ಬೆಂಗಳೂರು, ಎಸ್.ಪಿ. ರಸ್ತೆ ಹತ್ತಿರ)

ನಾನು ರಿಪೇರಿ ಮಾಡೋನು. ಗಟ್ಟಿ ಅನ್ನೋ ಮಾತಿಗೆ ನನ್ನದೂ ಸ್ವಲ್ಪ ತಕರಾರಿದೆ.

ನನ್ನ ಟೇಬಲ್ಲಿಗೆ ಬರೋ ಮೌಸುಗಳಲ್ಲಿ ಬಹುಪಾಲು ಒಂದೇ ಕಾಯಿಲೆಯವು: ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ. ಫೈಲ್ ಎಳೆಯೋಕೆ ಹೋದರೆ ಮಧ್ಯದಲ್ಲಿ ಕೈಬಿಡುತ್ತೆ. ಬಿಚ್ಚಿದರೆ ಒಳಗೆ ಓಮ್ರಾನ್ ಡಿ2ಎಫ್‌ಸಿ ಸ್ವಿಚ್ಚು, ಎರಡು ಕೋಟಿ ಕ್ಲಿಕ್ಕಿನ ರೇಟಿಂಗ್‌ನದು. ಸ್ವಿಚ್ಚಿನ ಮುಚ್ಚಳ ಉಗುರಲ್ಲಿ ಎಬ್ಬಿಸಿದರೆ ತೆಳ್ಳಗಿನ ತಾಮ್ರಬಣ್ಣದ ಎಲೆಯಂಥ ಸ್ಪ್ರಿಂಗ್ ಕಾಣುತ್ತೆ, ಬೆರಳ ತುದಿ ಮೇಲಿಟ್ಟರೆ ಉಸಿರಿಗೇ ಹಾರಿಹೋಗುತ್ತೆ. ಅದು ಬಿಗಿ ಕಳೆದುಕೊಳ್ಳುತ್ತೆ, ಇಲ್ಲ ತುದಿ ಕಿಲುಬು ಹಿಡಿಯುತ್ತೆ. ಮೌಸಿನೊಳಗೆ ಓಡೋ ಕರೆಂಟು ತೀರಾ ಕಡಿಮೆ, ಆ ಕಿಲುಬನ್ನ ಸುಟ್ಟು ದಾರಿ ಮಾಡಿಕೊಳ್ಳೋ ಶಕ್ತಿ ಅದಕ್ಕಿಲ್ಲ. ಸೀದಾ ಹೊಸ ಸ್ವಿಚ್ ಹಾಕ್ತೀನಿ. ಮೂರು ಕಾಲು ಬೆಸುಗೆ, ಅಷ್ಟೇ. ಹುವಾನೋ, ಕೈಲ್ಹ್ ಜಿಎಂ 8.0 ಅಂತ ಬೇರೆ ಕಂಪನಿಯ ಸ್ವಿಚ್ ಕೇಳಿಕೊಂಡು ಬರೋರೂ ಇದ್ದಾರೆ. ಬೆಸುಗೆಗಿಂತ ಕಷ್ಟ ಮೌಸ್ ಬಿಚ್ಚೋದು. ಸ್ಕ್ರೂಗಳನ್ನ ತಳದ ಜಾರುಪಟ್ಟಿ ಕೆಳಗೆ ಬಚ್ಚಿಟ್ಟಿರ್ತಾರೆ, ಪಟ್ಟಿ ಕಿತ್ತರೆ ಅದು ಮತ್ತೆ ಸರಿಯಾಗಿ ಅಂಟಲ್ಲ.

ಈ ಎರಡು ಕ್ಲಿಕ್ಕಿನ ರೋಗ ಇಲ್ಲದ್ದು ಬೇಕಾದರೆ ಆಪ್ಟಿಕಲ್ ಸ್ವಿಚ್ಚಿನದು ನೋಡಿ. ಲೋಹಕ್ಕೆ ಲೋಹ ತಾಗೋದಿಲ್ಲ, ಬೆಳಕಿನ ಗೆರೆ ತುಂಡಾದರೆ ಅಥವಾ ಕೂಡಿದರೆ ಕ್ಲಿಕ್. ರೇಜರ್ ಕಂಪನಿಯ ವೈಪರ್ ಮೌಸ್ 2019ರಲ್ಲಿ ಬಂದಾಗಿನಿಂದ ಇದು ಜನಕ್ಕೆ ಗೊತ್ತಾಯ್ತು.

---

ಕೋಡ್‌ಗೂಡು

@ಬೆಸುಗೆಬಸವ ಒಳ್ಳೆ ವಿಷಯ ಎತ್ತಿದಿರಿ. ಲೋಹ ತಾಗುವ ಯಾವ ಸ್ವಿಚ್ಚೂ ಒತ್ತಿದಾಗ ಒಂದೇ ಏಟಿಗೆ ಕೂರಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತೆ. ಆ ಪುಟಿತವನ್ನ ಲೆಕ್ಕಕ್ಕೆ ತಗೋಬೇಡ ಅಂತ ಫರ್ಮ್‌ವೇರ್‌ನಲ್ಲಿ ಬರೆದಿರ್ತೀವಿ, ಡಿಬೌನ್ಸ್ ಅಂತೀವಿ. ಕ್ಲಿಕ್ ಬೇಗ ತಲುಪಲಿ ಅಂತ ಆ ಸಮಯವನ್ನ ತೀರಾ ಕಮ್ಮಿ ಇಟ್ಟರೆ ಸ್ವಿಚ್ ಸ್ವಲ್ಪ ಸವೆದ ಕೂಡಲೇ ಎರಡು ಕ್ಲಿಕ್ ಶುರು. ಕೆಲವು ಮೌಸುಗಳ ಆ್ಯಪ್‌ನಲ್ಲಿ ಇದನ್ನ ಏರಿಸೋಕೆ ಅವಕಾಶ ಇದೆ. ಏರಿಸಿದರೆ ಸತ್ತ ಹಾಗೆ ಕಂಡ ಮೌಸ್ ಇನ್ನೂ ಕೆಲ ತಿಂಗಳು ಬದುಕುತ್ತೆ. ಅಂದರೆ ಹಾರ್ಡ್‌ವೇರಿನ ಸೋಲನ್ನ ಸಾಫ್ಟ್‌ವೇರ್ ಮುಚ್ಚೋದೂ ಉಂಟು. ಎಲ್ಲ ಬೈಗುಳ ಒಂದೇ ಕಡೆ ಸುರಿಯೋದು ಬೇಡ.

---

ಲಿನಕ್ಸ್_ಲಿಂಗಣ್ಣ (ತುಮಕೂರು)

ವಿಂಡೋಸ್ ಬಿಡಿ, ಎಲ್ಲ ಸರಿಹೋಗುತ್ತೆ.

---

ಬೆಣ್ಣೆದೋಸೆ_ಡಿಟಿಪಿ

ಲಿಂಗಣ್ಣಾರೇ, ಕೋರೆಲ್ ಡ್ರಾನ ನೀವು ಬಂದು ಓಡಿಸಿಕೊಡ್ತೀರಾ? 🙂

---

ಲಿನಕ್ಸ್_ಲಿಂಗಣ್ಣ

ಅದೊಂದು ಕೇಳಬೇಡಿ. ಆದರೂ ವಿಷಯಕ್ಕೆ ಬರ್ತೀನಿ. ಲಿನಕ್ಸಿಗೆ ಮೌಸ್ ಕಂಪನಿಗಳು ಆ್ಯಪ್ ಕೊಡೋದು ಅಪರೂಪ, ಅದಕ್ಕೆ ಜನರೇ ಬರೆದುಕೊಂಡರು. ಲಾಜಿಟೆಕ್‌ಗೆ ಸೋಲಾರ್. ಬೇರೆ ಬೇರೆ ಕಂಪನಿಯ ಗೇಮಿಂಗ್ ಮೌಸಿಗೆ ಲಿಬ್‌ರ‍್ಯಾಟ್‌ಬ್ಯಾಗ್, ಅದರ ಮೇಲೆ ಪೈಪರ್ ಅನ್ನೋ ಕಿಟಕಿ. ಪೈಪರ್ ತೆರೆದರೆ ಮೌಸಿನ ಚಿತ್ರ, ಚಿತ್ರದ ಬಟನ್ ಮೇಲೆ ಒತ್ತು, ಕೀಲಿ ಆರಿಸು, ಮುಗೀತು. ಲಾಗಿನ್ನೂ ಇಲ್ಲ, ಜಾಹೀರಾತೂ ಇಲ್ಲ. ಮೌಸ್ ಮಾಡದೇ ಇರೋರು ಕಂಪನಿಯ ಭಾಷೆಯನ್ನ ಊಹಿಸಿ ಊಹಿಸಿ ಬರೆದದ್ದು ಇಷ್ಟು ಹಗುರ ಇರಬಹುದಾದರೆ ಮೌಸ್ ಮಾಡಿದೋರಿಗೆ ಏನು ಕಷ್ಟ?

ಕಂಪನಿಯ ಆ್ಯಪ್ ತೆಗೆದು ಹಾಕಬೇಕು ಅನ್ನೋರಿಗೆ: ವಿಂಡೋಸಿನಲ್ಲಿ ಎಕ್ಸ್-ಮೌಸ್ ಬಟನ್ ಕಂಟ್ರೋಲ್, ಮ್ಯಾಕ್‌ನಲ್ಲಿ ಲಿನಿಯರ್ ಮೌಸ್, ಮ್ಯಾಕ್ ಮೌಸ್ ಫಿಕ್ಸ್, ಸ್ಟಿಯರ್ ಮೌಸ್. ಎಕ್ಸ್-ಮೌಸ್‌ಗೆ ಒಂದು ಮಿತಿ ಇದೆ. ವಿಂಡೋಸ್ ತಾನಾಗಿ ಗುರುತಿಸೋದು ಐದೇ ಬಟನ್, ಅದಕ್ಕಿಂತ ಹೆಚ್ಚಿಗೆ ಇದ್ದದ್ದು ಇದಕ್ಕೆ ಕಾಣಲ್ಲ.

---

ಕತ್ತರಿಕೋಣೆ (ಮೈಸೂರು)

ಎಲ್ಲರೂ ಸೇರಿ ಆ್ಯಪ್‌ಗಳನ್ನ ಬೈತಿದ್ದೀರಿ, ನಾನು ಸ್ವಲ್ಪ ಪರ ವಹಿಸ್ತೀನಿ. ನಾನು ವಿಡಿಯೋ ಎಡಿಟರ್. ಪ್ರೀಮಿಯರ್ ತೆರೆದಿದ್ದರೆ ಹೆಬ್ಬೆರಳ ಪಕ್ಕದ ಅಡ್ಡಚಕ್ರ ಟೈಮ್‌ಲೈನನ್ನ ಆಚೀಚೆ ಸರಿಸಬೇಕು. ಫೋಟೋಶಾಪಿಗೆ ಹೋದ ಕೂಡಲೇ ಅದೇ ಚಕ್ರ ಬ್ರಷ್ಷಿನ ಗಾತ್ರ ಬದಲಿಸಬೇಕು. ಬ್ರೌಸರಿನಲ್ಲಿ ಟ್ಯಾಬ್ ದಾಟಿಸಬೇಕು. ನಿಮ್ಮ ಆನ್‌ಬೋರ್ಡ್ ಮೆಮೊರಿ ಇದನ್ನ ಮಾಡುತ್ತಾ? ಮಾಡಲ್ಲ. ಪರದೆ ಮೇಲೆ ಏನು ತೆರೆದಿದೆ ಅಂತ ಮೌಸಿಗೆ ಏನು ಗೊತ್ತು? ಅದಕ್ಕೆ ಕಂಪ್ಯೂಟರ್ ಒಳಗೆ ಒಬ್ಬ ಕೂತು ನೋಡ್ತಾ ಇರಲೇಬೇಕು.

ಈ ಸೌಕರ್ಯ ನನಗೆ ದಿನಕ್ಕೆ ಎಷ್ಟು ಹೊತ್ತು ಉಳಿಸುತ್ತೆ ಅಂದರೆ ಆ್ಯಪ್ ನೂರಾರು ಎಂಬಿ ರ‍್ಯಾಮ್ ತಿಂದರೂ ತಿನ್ನಲಿ ಅಂತ ಬಿಟ್ಟಿದ್ದೀನಿ.

---

ಕೋಡ್‌ಗೂಡು

@ಕತ್ತರಿಕೋಣೆ ನೂರಕ್ಕೆ ನೂರು ಒಪ್ಪಿದೆ. ಆ್ಯಪ್ ನೋಡಿ ಬದಲಾಗುವ ಬಟನ್ನು ಮೌಸಿನೊಳಗೆ ಆಗುವ ಕೆಲಸ ಅಲ್ಲ. ಆದರೆ ಅದಕ್ಕೆ ಬೇಕಾದದ್ದು ಎದುರಿಗಿರುವ ಕಿಟಕಿ ಯಾವುದು ಅಂತ ನೋಡಿ ಪಟ್ಟಿ ಬದಲಿಸೋ ಸಣ್ಣ ಪ್ರೋಗ್ರಾಮು. ಅಕೌಂಟ್ ಎಲ್ಲಿಂದ ಬಂತು? ಅಂಗಡಿ ಜಾಹೀರಾತು ಎಲ್ಲಿಂದ ಬಂತು? 2024ರ ಏಪ್ರಿಲಿನಲ್ಲಿ ಲಾಜಿಟೆಕ್ ಆಪ್ಷನ್ಸ್ ಪ್ಲಸ್ ಒಳಗೆ ಚಾಟ್‌ಜಿಪಿಟಿಗೆ ಪ್ರಶ್ನೆ ಕಳಿಸೋ ಎಐ ಪ್ರಾಂಪ್ಟ್ ಬಿಲ್ಡರ್ ತಂದು ಸೇರಿಸಿತು. ಸ್ಕ್ರೋಲ್ ದಿಕ್ಕು ಬದಲಿಸೋಕೆ ಹಾಕಿಕೊಂಡ ಸಾಫ್ಟ್‌ವೇರ್ ಅದು! ಅದೇ ವರ್ಷ ಜುಲೈನಲ್ಲಿ ಕಂಪನಿಯ ಮುಖ್ಯಸ್ಥೆ ಹ್ಯಾನೆಕೆ ಫೇಬರ್ ಒಂದು ಸಂದರ್ಶನದಲ್ಲಿ "ಶಾಶ್ವತ ಮೌಸ್" ಅನ್ನೋ ಕಲ್ಪನೆ ಹೇಳಿದರು. ಬಾಳಿಕೆ ಬರೋ ಮೌಸು, ಸಾಫ್ಟ್‌ವೇರಿಗೆ ಚಂದಾ. ಜನ ರೇಗಿದ ಮೇಲೆ ಅಂಥ ಯೋಜನೆ ಏನೂ ಇಲ್ಲ ಅಂತ ಕಂಪನಿ ಸ್ಪಷ್ಟನೆ ಕೊಟ್ಟಿತು. ಯೋಚನೆ ಯಾವ ಕಡೆಗೆ ಹರೀತಿದೆ ಅಂತ ಗೊತ್ತಾಯ್ತಲ್ಲ. ಒಳ್ಳೆ ಮೌಸು ಐದಾರು ವರ್ಷಕ್ಕೊಮ್ಮೆ ಮಾರಾಟ ಆಗೋ ವಸ್ತು, ಕಂಪನಿಗೆ ಗಿರಾಕಿಯ ಜೊತೆ ದಿನಾ ಮಾತಾಡೋಕೆ ಇರೋ ಒಂದೇ ಕಿಂಡಿ ಆ ಆ್ಯಪ್ಪು.

ಒಳಗಿನವನಾಗಿ ಇನ್ನೊಂದು ಮಾತು. ಮೌಸಿನ ಅಚ್ಚು ಒಮ್ಮೆ ಕೊರೆದರೆ ತಿದ್ದೋಕೆ ಲಕ್ಷಗಟ್ಟಲೆ ಖರ್ಚು. ಅದಕ್ಕೇ ಅಚ್ಚಿಗೆ ಮುಂಚೆ ಯಂತ್ರದ ಬೆರಳಿಂದ ಲಕ್ಷಾಂತರ ಸಲ ಒತ್ತಿಸಿ, ಬೀಳಿಸಿ, ಬಿಸಿಲಿಗೆ ಇಟ್ಟು ನೋಡ್ತಾರೆ. ಸಾಫ್ಟ್‌ವೇರಿಗೆ ಆ ಭಯ ಇಲ್ಲ. "ಮುಂದಿನ ಅಪ್‌ಡೇಟಲ್ಲಿ ನೋಡೋಣ" ಅಂದರೆ ಮೀಟಿಂಗ್ ಮುಗೀತು. ಮೇಲಾಗಿ ಮೌಸು, ಕೀಬೋರ್ಡು, ಹೆಡ್‌ಸೆಟ್ಟು, ವೆಬ್‌ಕ್ಯಾಮು, ಬಣ್ಣದ ದೀಪ ಎಲ್ಲಕ್ಕೂ ಒಂದೇ ಆ್ಯಪ್ ಇರಲಿ ಅಂತಾರೆ. ನಿಮ್ಮ ಹತ್ತಿರ ಇರೋದು ಮೌಸ್ ಒಂದೇ, ಆದರೂ ಎಲ್ಲದರ ಹೊರೆ ಹೊರಬೇಕು.

---

ಬೀಗದಕೈ (ಪುಣೆ)

ಭದ್ರತೆಯ ಕೆಲಸದವನಾಗಿ ಎರಡು ಘಟನೆ ಜ್ಞಾಪಿಸ್ತೀನಿ, ಒಂದು ಅತ್ತ ಕಡೆಗೆ, ಒಂದು ಇತ್ತ ಕಡೆಗೆ.

2016ರಲ್ಲಿ ಬ್ಯಾಸ್ಟಿಲ್ ಸಂಸ್ಥೆಯವರು ಮೌಸ್‌ಜ್ಯಾಕ್ ಅನ್ನೋ ದೋಷ ಬಯಲಿಗೆ ತಂದರು. ಹಲವು ಕಂಪನಿಗಳ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಪುಟ್ಟ ರಿಸೀವರ್) ಮೌಸುಗಳು ಕಳಿಸೋ ಸಂದೇಶಕ್ಕೆ ಗೂಢಲಿಪಿ ಇರಲಿಲ್ಲ. ಸ್ವಲ್ಪ ದೂರದಲ್ಲಿ ಕೂತವನು ತನ್ನ ರೇಡಿಯೋದಿಂದ ಆ ಡಾಂಗಲ್ಲಿಗೆ ಕೀಲಿ ಒತ್ತಿದ ಹಾಗೆ ಸಂದೇಶ ಕಳಿಸಬಹುದಿತ್ತು. ಫರ್ಮ್‌ವೇರ್ ಬದಲಿಸಲು ಆಗುತ್ತಿದ್ದ ಡಾಂಗಲ್ಲುಗಳು ಸರಿಹೋದವು. ಬದಲಿಸಲಾಗದವು ಹಾಗೇ ಉಳಿದವು, ಎಸೆಯೋದೇ ದಾರಿ. ಹಾಗಾಗಿ ಕಂಪನಿಯ ಸಾಫ್ಟ್‌ವೇರ್ ಬೇಡವೇ ಬೇಡ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಫರ್ಮ್‌ವೇರ್ ಹಾಕೋಕಾದರೂ ಒಂದು ದಾರಿ ಬೇಕು.

ಇನ್ನೊಂದು 2021ರ ಆಗಸ್ಟಿನದು. ವಿಂಡೋಸ್ 10ಕ್ಕೆ ರೇಜರ್ ಮೌಸ್ ಚುಚ್ಚಿದರೆ ವಿಂಡೋಸ್ ತಾನಾಗಿ ರೇಜರ್‌ನ ಸಿನಾಪ್ಸ್ ಆ್ಯಪ್‌ನ ಇನ್‌ಸ್ಟಾಲರ್ ಇಳಿಸಿಕೊಂಡು ಸಿಸ್ಟಮ್ ಅಧಿಕಾರದಲ್ಲಿ, ಅಂದರೆ ಕಂಪ್ಯೂಟರಿನ ಪೂರ್ತಿ ಹಿಡಿತದಲ್ಲಿ, ಓಡಿಸುತ್ತಿತ್ತು. ಯಾವ ಫೋಲ್ಡರಿಗೆ ಹಾಕಲಿ ಅಂತ ಕೇಳೋ ಕಿಟಕಿಯಲ್ಲಿ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ ಪವರ್‌ಶೆಲ್ (ಆಜ್ಞೆ ಟೈಪ್ ಮಾಡೋ ಕಿಟಕಿ) ತೆರೆದರೆ ಅದಕ್ಕೂ ಅದೇ ಅಧಿಕಾರ. ಆಫೀಸಿನ ನಿರ್ಬಂಧ ಹಾಕಿದ ಕಂಪ್ಯೂಟರಿನಲ್ಲಿ ಸಾಮಾನ್ಯ ಬಳಕೆದಾರ ಒಂದು ಮೌಸ್ ಚುಚ್ಚಿ ಯಜಮಾನ ಆಗಿಬಿಡಬಹುದಿತ್ತು! ಕಂಪನಿ ಆಮೇಲೆ ಸರಿಪಡಿಸಿತು. ನಾನು ಹೇಳೋದು, ಕೇಳದೇನೆ ತಾನಾಗಿ ಬಂದು ಕೂರೋ ಸಾಫ್ಟ್‌ವೇರ್ ಅಂದರೆ ಇಂಥ ಬಾಗಿಲೂ ಜೊತೆಗೆ ಬರುತ್ತೆ.

---

ಮ್ಯಾಕ್‌ಮಂದಿ (ಸ್ಯಾನ್ ಹೋಸೆ)

2026ರ ಜನವರಿಯದ್ದು ಯಾರೂ ಹೇಳಲಿಲ್ವಲ್ಲ. ಮ್ಯಾಕ್‌ನಲ್ಲಿ ಲಾಜಿಟೆಕ್‌ನ ಆಪ್ಷನ್ಸ್ ಪ್ಲಸ್, ಗೇಮಿಂಗ್ ಮೌಸಿನ ಆ್ಯಪ್ ಜಿ ಹಬ್ ಎರಡೂ ಒಮ್ಮೆಗೇ ತೆರೆಯದೆ ಹೋದವು. ಕಾರಣ ಕೇಳಿದರೆ ನಗು ಬರುತ್ತೆ: ಆ್ಯಪ್‌ಗೆ ಬೇಕಾದ ಸರ್ಟಿಫಿಕೇಟಿನ (ಅಸಲಿ ಅಂತ ತೋರಿಸೋ ಡಿಜಿಟಲ್ ಗುರುತಿನ) ಅವಧಿ ಮುಗಿದಿತ್ತು, ಕಂಪನಿ ನವೀಕರಿಸೋದನ್ನ ಮರೆತಿತ್ತು. ಬಟನ್ನು, ಸ್ಕ್ರೋಲ್ ದಿಕ್ಕು ಎಲ್ಲ ಮೊದಲಿನಂತಾಯ್ತು. ತಮಾಷೆ ಅಂದರೆ ಅಪ್‌ಡೇಟ್ ಮಾಡಬೇಕಾದ ಭಾಗವೂ ಅದರಲ್ಲೇ ಕೆಟ್ಟಿದ್ದರಿಂದ ಜನರೇ ಹೋಗಿ ಹೊಸ ಇನ್‌ಸ್ಟಾಲರ್ ಇಳಿಸಿಕೊಳ್ಳಬೇಕಾಯ್ತು. ವಿಂಡೋಸಿನವರಿಗೆ ಏನೂ ಆಗಲಿಲ್ಲ. ಮೌಸಿನ ಹಾರ್ಡ್‌ವೇರಿಗೂ ಏನೂ ಆಗಿರಲಿಲ್ಲ ಅನ್ನೋದು ಗಮನಿಸಿ. ಎಲ್ಲೋ ಒಂದು ತಾರೀಖು ದಾಟಿತು, ಇಲ್ಲಿ ನನ್ನ ಹೆಬ್ಬೆರಳಿನ ಬಟನ್ ಕೆಲಸ ನಿಲ್ಲಿಸಿತು.

---

ಪೇಡೆನಗರಿ (ಧಾರವಾಡ)

ಏನ್ರೀ ಇದು, ಮೌಸಿನ ಮ್ಯಾಲೆ ಇಷ್ಟುದ್ದ ಪುರಾಣ! ನಮ್ಮ ಕಾಲೇಜಿನ ಲ್ಯಾಬಿನ್ಯಾಗ ಎಲ್ಲಾ ವೈರಿನ ಸಾದಾ ಮೌಸ್ ಅದಾವ. ಎರಡು ಬಟನ್ನು, ಒಂದು ಚಕ್ರ. ಚುಚ್ಚಿದ್ರ ನಡೀತದ, ಕೆಟ್ರ ಬದಲಿಸ್ತೀವಿ. ಸಾಫ್ಟ್‌ವೇರ್ ಅಂದ್ರ ಏನಂತನೂ ಅವಕ್ಕ ಗೊತ್ತಿಲ್ಲ. ಹುಡುಗೂರು ಚಕ್ರದಾಗ ಚುರುಮುರಿ ಉದುರಿಸ್ತಾರ, ಅದೊಂದೇ ತ್ರಾಸ.

---

ಕ್ಲಿಕ್‌ಶೂರ (ಶಿವಮೊಗ್ಗ)

ಯಾರೂ ವೆಬ್ ಡ್ರೈವರ್ ಬಗ್ಗೆ ಮಾತಾಡಿಲ್ಲ. ಈಗಿನ ಚೀನಾ ಬ್ರ್ಯಾಂಡಿನ ಎಷ್ಟೋ ಗೇಮಿಂಗ್ ಮೌಸಿಗೆ ಇನ್‌ಸ್ಟಾಲ್ ಮಾಡೋಕೆ ಏನೂ ಇಲ್ಲ. ಕ್ರೋಮಿನಲ್ಲಿ ಅವರ ಪುಟ ತೆರೆದು, ಮೌಸ್ ಆರಿಸಿ ಅನುಮತಿ ಕೊಟ್ಟರೆ ಅಲ್ಲೇ ಬಟನ್, ಡಿಪಿಐ (ಕರ್ಸರ್ ಓಡೋ ವೇಗ), ಡಿಬೌನ್ಸ್ ಎಲ್ಲ ಬದಲಿಸಬಹುದು. ಬದಲಿಸಿದ್ದು ಮೌಸಿನೊಳಗೇ ಬರೆದಾಗುತ್ತೆ, ಟ್ಯಾಬ್ ಮುಚ್ಚಿದರೆ ಮುಗೀತು. ಅರ್ಧ ಬೆಲೆಗೆ ಪಿಕ್ಸ್‌ಆರ್ಟ್ 3395ನಂಥ ಒಳ್ಳೆ ಸೆನ್ಸರ್ರೂ ಸಿಗುತ್ತೆ.

---

ಬೀಗದಕೈ

ಒಳ್ಳೆ ವ್ಯವಸ್ಥೆನೇ. ವೆಬ್‌ಹಿಡ್ ಅಂತ ಅದರ ಹೆಸರು, ಕ್ರೋಮ್ 89ರಿಂದ, ಅಂದರೆ 2021ರಿಂದ ಇದೆ. ಫೈರ್‌ಫಾಕ್ಸ್, ಸಫಾರಿಯಲ್ಲಿ ನಡೆಯಲ್ಲ. ನನ್ನ ಅನುಮಾನ ಬೇರೆ: ಕಂಪನಿ ಮುಚ್ಚಿ ಆ ಪುಟ ಹೋದರೆ? ಮೌಸಲ್ಲಿ ಬರೆದದ್ದು ಉಳಿಯುತ್ತೆ, ಮತ್ತೆ ಬದಲಿಸೋಕೆ ಆಗಲ್ಲ. ಆಫ್‌ಲೈನ್ ಪ್ರೋಗ್ರಾಮನ್ನೂ ಕೊಡೋ ಬ್ರ್ಯಾಂಡ್ ಆದರೆ ಈಗಲೇ ಇಳಿಸಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ.

---

ಬೆಣ್ಣೆದೋಸೆ_ಡಿಟಿಪಿ

ಅಕ್ಕನ ಮಗನ ಗೇಮಿಂಗ್ ಮೌಸ್ ಇಸ್ಕೊಂಡು ಬಂದು ನೋಡಿದೆ. ಕೋಡ್‌ಗೂಡು ಸರ್ ಹೇಳಿದ ಪುಟ್ಟ ಪ್ರೋಗ್ರಾಮಿನಲ್ಲಿ ಸ್ಕ್ರೋಲ್ ಲಾಕ್ ಬರೆದು, ನೆಟ್ ವೈರ್ ಕಿತ್ತು, ಅಂಗಡಿಯ ಹಳೇ ವಿಂಡೋಸ್ 7 ಕಂಪ್ಯೂಟರಿಗೆ ಚುಚ್ಚಿದೆ. ಒಂದೇ ಒತ್ತಿಗೆ ನುಡಿ ಕನ್ನಡಕ್ಕೆ ಬಂತು! ಏಳು ಬಣ್ಣದಲ್ಲಿ ಮಿನುಗೋದೊಂದು ಕಿರಿಕಿರಿ, ಅದನ್ನೂ ಆರಿಸಿಟ್ಟೆ. ಹುಡುಗ ಮೌಸ್ ವಾಪಸ್ ಕೇಳ್ತಿದ್ದಾನೆ, ನಾಳೆ ಅಂಥದ್ದೇ ಒಂದು ತರೋದು.

ಇಂಥದ್ದೇ ಮೌಸ್ ನಮ್ಮ ಅಂಗಡಿಯ ಒಬ್ಬ ಹುಡುಗಿಗೂ ಬೇಕು, ಆದರೆ ಅವಳು ಎಡಗೈಯವಳು. ಎಡ ಬಲ ಬಟನ್ ಅದಲುಬದಲು ಮಾಡೋದನ್ನ ವಿಂಡೋಸಿನಲ್ಲಿ ಮಾಡಬೇಕಾ ಮೌಸಿನಲ್ಲಾ?

---

ಕೋಡ್‌ಗೂಡು

ಮೌಸಿನಲ್ಲೇ ಮಾಡಿ. ವಿಂಡೋಸಿನಲ್ಲಿ ಮಾಡಿದರೆ ಅದು ಆ ಕಂಪ್ಯೂಟರಿಗೆ ಚುಚ್ಚಿದ ಎಲ್ಲ ಮೌಸಿಗೂ ಅನ್ವಯ, ಅವಳು ಎದ್ದ ಮೇಲೆ ನೀವು ಕೂತರೆ ನಿಮಗೆ ಉಲ್ಟಾ. ಮೌಸಿನೊಳಗೆ ಬರೆದರೆ ಅವಳ ಮೌಸು ಅವಳಿಗೆ, ನಿಮ್ಮದು ನಿಮಗೆ.

---

ಬೆಸುಗೆಬಸವ

ಎಡಗೈಯವರಿಗೆ ಆಕಾರ ಎರಡೂ ಕಡೆ ಸಮ ಇದ್ದರೆ ಸಾಲದು, ಸೈಡ್ ಬಟನ್ ಬಲಗಡೆಗೂ ಇರಬೇಕು, ಅವಳ ಹೆಬ್ಬೆರಳು ಬರೋದು ಅಲ್ಲಿಗೆ. 2018ರ ಲಾಜಿಟೆಕ್ ಜಿ ಪ್ರೊ ವೈರ್‌ಲೆಸ್‌ನಲ್ಲಿ ಎರಡೂ ಕಡೆ ಹಾಕಿಕೊಳ್ಳಬಹುದಿತ್ತು, ಮೊದಲ ರೇಜರ್ ವೈಪರ್‌ನಲ್ಲೂ ಎರಡೂ ಕಡೆ ಇತ್ತು. ಆಮೇಲಿನ ವೈಪರ್ ವಿ2 ಪ್ರೊನಲ್ಲಿ ಬಲಗಡೆಯದನ್ನ ತೆಗೆದುಬಿಟ್ಟರು. ಹಳೇದು ಸಿಕ್ಕರೆ ಸೆಕೆಂಡ್ ಹ್ಯಾಂಡಾದರೂ ತಗೊಳ್ಳಿ. ಜಿ ಪ್ರೊ ಆದರೆ ಬಲಗಡೆ ಬಟನ್ನಿನ ಚೂರು ಡಬ್ಬಿಯಲ್ಲಿ ಬೇರೆಯಾಗಿ ಬರ್ತಿತ್ತು, ಮಾರೋರು ಅದನ್ನ ಕಳೆದಿರ್ತಾರೆ, ಮೊದಲೇ ಕೇಳಿ. ಸ್ವಿಚ್ ಸವೆದಿದ್ದರೆ ಚಿಂತೆ ಬೇಡ, ಕಳಿಸಿಕೊಡಿ.